40ರಿಂದ 60, 80ರಿಂದ 90: ಯಾರು ಜಾಸ್ತಿ ಕಲಿತರು?

ಓದುಗರ ಪ್ರಶ್ನೆ: ಶಾಲೆ ಶುರುವಾದಾಗ ಹಿಂದಿನ ವರ್ಷದ ಕಲಿಕೆಯನ್ನು ಗಟ್ಟಿ ಮಾಡುವ ಸೇತುಬಂಧದ ಪೂರ್ವ ಪರೀಕ್ಷೆಯಲ್ಲಿ ಒಬ್ಬ ಹುಡುಗನಿಗೆ ಶೇ. 40 ಬಂದಿತ್ತು, ಅದು ಮುಗಿದ ಮೇಲಿನ ಸಾಫಲ್ಯ ಪರೀಕ್ಷೆಯಲ್ಲಿ 60 ಬಂತು. ಒಬ್ಬ ಹುಡುಗಿ 80ರಿಂದ 90ಕ್ಕೆ ಹೋದಳು. ಇಬ್ಬರಲ್ಲಿ ಜಾಸ್ತಿ ಕಲಿತವರು ಯಾರು?

ಸುಮ್ನೆ ಕಳೆದು ನೋಡಿದರೆ ಹುಡುಗ. ಅವನದು 20, ಅವಳದು 10. ಆದರೆ ಅವಳಿಗೆ ಮೇಲೇರಲು ಉಳಿದಿದ್ದ ಜಾಗವೇ 20 ಅಲ್ವಾ? ಅದರಲ್ಲಿ ಅರ್ಧ ಏರಿದ್ದಾಳೆ. ಅವನಿಗೆ 60 ಬಾಕಿ ಇತ್ತು, ಮೂರರಲ್ಲಿ ಒಂದು ಪಾಲು ಏರಿದ್ದಾನೆ. ಈ ಲೆಕ್ಕದಲ್ಲಿ ಹುಡುಗಿ ಮುಂದೆ.

ಬಾಕಿ ಇದ್ದುದರಲ್ಲಿ ಎಷ್ಟು ಪಾಲು ಗಳಿಸಿದರು ಎಂದು ನೋಡುವ ಈ ಕ್ರಮವನ್ನು ಹೆಸರಿಗೆ ತಂದವರು ಅಮೆರಿಕದ ಭೌತಶಾಸ್ತ್ರ ಮೇಷ್ಟ್ರು ರಿಚರ್ಡ್ ಹೇಕ್. 62 ತರಗತಿಗಳ 6,542 ವಿದ್ಯಾರ್ಥಿಗಳ ಮೊದಲಿನ ಮತ್ತು ನಂತರದ ಅಂಕಗಳನ್ನು ಅವರು 1998ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಬರೀ ಉಪನ್ಯಾಸ ನಡೆದ 14 ತರಗತಿಗಳಲ್ಲಿ ಈ ಪಾಲು ಸರಾಸರಿ 0.23. ವಿದ್ಯಾರ್ಥಿಗಳು ತಮ್ಮತಮ್ಮಲ್ಲೇ ಚರ್ಚಿಸಿ, ಕೈಯಾರೆ ಮಾಡಿ ಕಲಿತ 48 ತರಗತಿಗಳಲ್ಲಿ 0.48. ಹೆಚ್ಚುಕಡಿಮೆ ಎರಡು ಪಟ್ಟು.

ಆದರೆ ಹೇಕ್ ಲೆಕ್ಕ ಹಾಕಿದ್ದು ಇಡೀ ತರಗತಿಯ ಸರಾಸರಿಗೆ. ಒಂದೊಂದು ಮಗುವಿಗೆ ಇದನ್ನು ಹಚ್ಚಿದರೆ ದಾರಿ ತಪ್ಪುತ್ತದೆ. ನಿಮ್ಮ ಪತ್ರಿಕೆಯಲ್ಲಿ ಹತ್ತು ಪ್ರಶ್ನೆ ಇದ್ದವು ಅಂದುಕೊಳ್ಳಿ. ಆಗ 80ರಿಂದ 90 ಅಂದರೆ ಒಂದೇ ಒಂದು ಪ್ರಶ್ನೆ. ಅದು ಕಲಿತು ಬಂದಿರಬಹುದು, ಊಹಿಸಿ ಬಂದಿರಬಹುದು, ಪಕ್ಕದವಳ ಹಾಳೆ ಕಂಡಿರಬಹುದು. ಒಂದು ಪ್ರಶ್ನೆ ನಂಬಿಕೊಂಡು ಇವಳೇ ಮುಂದೆ ಅನ್ನುವುದು ನ್ಯಾಯವಲ್ಲ. ಹಾಗಾಗಿ ನನ್ನ ಉತ್ತರ ಇಷ್ಟೇ: ಈ ಅಂಕಗಳಿಂದ ಇಬ್ಬರನ್ನು ಹೋಲಿಸಬೇಡಿ. ಉತ್ತರ ಪತ್ರಿಕೆ ಬಿಚ್ಚಿ ನೋಡಿ.

ಮೂರನೇ ತರಗತಿಯ ಒಂದು ಲೆಕ್ಕ ತೆಗೆದುಕೊಳ್ಳೋಣ. 52ರಲ್ಲಿ 27 ಕಳೆಯಬೇಕು. ಪೂರ್ವ ಪರೀಕ್ಷೆಯಲ್ಲಿ ಮಗು 35 ಎಂದು ಬರೆದಿದೆ. ಇದು ಬಾಯಿಗೆ ಬಂದ ಸಂಖ್ಯೆಯಲ್ಲ. 2ರಲ್ಲಿ 7 ಹೋಗುವುದಿಲ್ಲ ಎಂದು ತಿರುಗಿಸಿ 7ರಲ್ಲಿ 2 ಕಳೆದಿದೆ, 5 ಬಂತು. ಹತ್ತರ ಸ್ಥಾನದಲ್ಲಿ 5ರಲ್ಲಿ 2 ಹೋಗಿ 3. ಪಾಪ, ಮಗು ತನ್ನದೇ ಒಂದು ನಿಯಮ ಮಾಡಿಕೊಂಡು ನಿಷ್ಠೆಯಿಂದ ನಡೆದಿದೆ! ಸಾಫಲ್ಯ ಪರೀಕ್ಷೆಯಲ್ಲೂ ಅದೇ 52, 27 ಕೊಟ್ಟಿರಿ. 25 ಅಂತ ಬರೆಯಿತು. ಪೂರ್ತಿ ಅಂಕ. ಅದೇ ಮಗುವಿಗೆ 64ರಲ್ಲಿ 38 ಕಳೆಯಲು ಹೇಳಿ. 26 ಬಂದರೆ ಹತ್ತನ್ನು ಬಿಡಿಸಿ ಬಿಡಿಗೆ ಸೇರಿಸುವುದು ಗೊತ್ತಾಗಿದೆ. 34 ಬಂದರೆ ಹಳೇ ನಿಯಮ ಹಾಗೇ ಇದೆ, ಬೋರ್ಡಿನ ಮೇಲಿದ್ದ 25 ಮಾತ್ರ ನೆನಪಲ್ಲಿ ಉಳಿದಿದೆ. ಅದಕ್ಕೇ ಎರಡೂ ಪತ್ರಿಕೆಗಳಲ್ಲಿ ಲೆಕ್ಕದ ಜಾತಿ ಒಂದೇ ಇರಲಿ, ಸಂಖ್ಯೆ ಬೇರೆ ಇರಲಿ.

ಅಂಕ ಏರಿತು ಅಂದರೆ ನಮ್ಮ ಪಾಠದಿಂದಲೇ ಏರಿತು ಅಂತಲೂ ಅಲ್ಲ. ಪೂರ್ವ ಪರೀಕ್ಷೆ ನಡೆಯುವುದು ಬೇಸಿಗೆ ರಜೆ ಮುಗಿದ ಬೆನ್ನಿಗೆ. ಎರಡು ತಿಂಗಳು ಪೆನ್ಸಿಲ್ ಹಿಡಿಯದ ಕೈ. ಶಾಲೆಯ ರೂಢಿ ಮರಳಿದರೆ ಸಾಕು, ಸ್ವಲ್ಪ ಅಂಕ ತಾನಾಗೇ ಏರುತ್ತದೆ. ಇದನ್ನು ಬೇರೆ ಮಾಡಿ ನೋಡಲು ಹೋಲಿಕೆಗೆ ಇನ್ನೊಂದು ಗುಂಪು ಬೇಕು. 2001ರಿಂದ 2003ರವರೆಗೆ ಮುಂಬೈ ಮತ್ತು ವಡೋದರಾದ ಪಾಲಿಕೆ ಶಾಲೆಗಳಲ್ಲಿ ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ಪಾಠ ಹೇಳಲು 'ಬಾಲಸಖಿ'ಯರನ್ನು, ಅಂದರೆ ಸ್ಥಳೀಯ ಯುವತಿಯರನ್ನು, ಕಳಿಸಿದಾಗ ಹೀಗೇ ಮಾಡಿದರು. ವಡೋದರಾದ ಕೆಲವು ಶಾಲೆಗಳಲ್ಲಿ ಮೂರನೇ ತರಗತಿಗೆ ಬಾಲಸಖಿ, ಉಳಿದವುಗಳಲ್ಲಿ ನಾಲ್ಕನೇ ತರಗತಿಗೆ. ಬಾಲಸಖಿ ಇದ್ದ ಮೂರನೇ ತರಗತಿಯವರನ್ನು ಬಾಲಸಖಿ ಇಲ್ಲದ ಮೂರನೇ ತರಗತಿಯವರ ಜೊತೆಗೇ ಹೋಲಿಸಿದರು. ಯಾವ ಶಾಲೆಯೂ ಬರಿಗೈಲಿ ಉಳಿಯಲಿಲ್ಲ. ನನಗೆ ತುಂಬಾ ಇಷ್ಟವಾದ ಏರ್ಪಾಡು ಇದು. ಈ ಅಧ್ಯಯನ ಮಾಡಿದವರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಇದ್ದರು. ಇಬ್ಬರಿಗೂ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ತರಗತಿಯ ಸರಾಸರಿ ತೆಗೆಯುವಾಗ ಎರಡೂ ಪರೀಕ್ಷೆ ಬರೆದ ಮಕ್ಕಳನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಅಪ್ಪ ಅಮ್ಮನ ಜೊತೆ ಗುಳೆ ಹೋದ ಮಗು ಎರಡನೆಯ ಪರೀಕ್ಷೆಗೆ ಬರದಿದ್ದರೆ, ಕಡಿಮೆ ಅಂಕದ ಒಂದು ಹೆಸರು ಪಟ್ಟಿಯಿಂದ ಕಳಚಿ, ಯಾರೂ ಏನೂ ಕಲಿಯದೆ ಸರಾಸರಿ ಏರಿಬಿಡಬಹುದು. ಆ ಮಗುವಿನ ಹೆಸರನ್ನು ಬೇರೆ ಹಾಳೆಯಲ್ಲಿ ಬರೆದಿಡಿ. ವಾಪಸ್ ಬಂದ ದಿನ ಮೊದಲು ಬೇಕಾಗುವುದು ಅದೇ ಹಾಳೆ.

ಒಂದೇ ಶಾಲೆ, ಒಂದೇ ತರಗತಿ ಇರುವ ನಿಮಗೆ ಹೋಲಿಕೆಯ ಗುಂಪು ಸಿಗುವುದಿಲ್ಲ. ಅದರ ಬದಲು ಮೂರನೆಯ ಪರೀಕ್ಷೆ ಒಂದನ್ನು ಇಟ್ಟುಕೊಳ್ಳಿ. ದಸರಾ ರಜೆ ಮುಗಿಸಿ ಮಕ್ಕಳು ಬಂದ ವಾರ, ಹೇಳದೆ ಕೇಳದೆ, ಐದೇ ಲೆಕ್ಕ. ಅವುಗಳಲ್ಲಿ ಒಂದು 81ರಲ್ಲಿ 46 ಕಳೆಯುವುದಿರಲಿ. 35 ಬರೆದವರು ಎಷ್ಟು ಜನ, 45 ಬರೆದವರು ಎಷ್ಟು ಜನ ಎಂದು ಎಣಿಸಿ.