ಎಲ್ಲ ನಲ್ಲಿಗೂ ಮೆದು ನೀರು ಬೇಕೇ?

ಮೊನ್ನೆ ಒಂದು ಮನೆಯ ಗೀಸರ್ ಬಿಚ್ಚಿದಾಗ ಒಳಗಿನ ಕಾಯಿಲ್ ಸುಣ್ಣದ ಕಡ್ಡಿಯ ಹಾಗಾಗಿತ್ತು. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದೆ, ಬಿಳಿ ಚಕ್ಕೆ ಉದುರಿತು. ಚಕ್ಕೆಯ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟರೆ ಬುಸ್ಸೆಂದು ನೊರೆ! ಅಪ್ಪಟ ಕ್ಯಾಲ್ಸಿಯಂ ಕಾರ್ಬೊನೇಟ್. ಈ ಪದರ ಶಾಖವನ್ನು ಸರಿಯಾಗಿ ದಾಟಿಸುವುದಿಲ್ಲ. ನೀರು ಕಾಯುವುದು ತಡ, ಕಾಯಿಲ್ ಸುಡುವುದು ಬೇಗ. ಮನೆಯವರು ಅಲ್ಲೇ ತೀರ್ಮಾನಿಸಿದರು: "ಇಡೀ ಮನೆಗೆ ನೀರು ಮೆದು ಮಾಡುವ ಸಾಫ್ಟ್‌ನರ್ ಯಂತ್ರ ಹಾಕಿಬಿಡಿ."

ಸ್ವಲ್ಪ ತಡೆಯಿರಿ ಅಂದೆ.

ಗಡಸುತನವೆಂದರೆ ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ. ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ 60 ಮಿಲಿಗ್ರಾಂ ಒಳಗಿದ್ದರೆ ಮೆದು, 180 ದಾಟಿದರೆ ತೀರಾ ಗಡಸು. ಇದನ್ನು ತಿಳಿಯಲು ಗಡಸುತನದ ಕಿಟ್ ಬೇಕು, ಟಿಡಿಎಸ್ ಮೀಟರ್ ಸಾಲದು. ಅದು ಕರಗಿದ ಲವಣಗಳನ್ನೆಲ್ಲ ಒಟ್ಟಿಗೆ ಅಂದಾಜು ಮಾಡುತ್ತದೆ. "ಸಾಫ್ಟ್‌ನರ್ ಹಾಕಿದರೂ ಟಿಡಿಎಸ್ ಇಳಿದಿಲ್ಲ, ಮೋಸ ಆಯ್ತು" ಎಂದು ಸಿಟ್ಟಾಗುವವರು ನನಗೆ ಆಗಾಗ ಸಿಗುತ್ತಾರೆ. ಇಳಿಯುವುದೇ ಇಲ್ಲ, ಸ್ವಾಮಿ. ಯಂತ್ರದೊಳಗಿನ ರೆಸಿನ್ ಹರಳು ಕ್ಯಾಲ್ಸಿಯಂ ಹಿಡಿದುಕೊಂಡು ಅದರ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಲವಣ ಬದಲಾಯಿತೇ ಹೊರತು ಹೋಗಲಿಲ್ಲ.

ಆ ಸೋಡಿಯಂ ಎಷ್ಟು? 300 ಮಿಲಿಗ್ರಾಂ ಗಡಸುತನ ಪೂರ್ತಿ ತೆಗೆದರೆ ಲೀಟರಿಗೆ ಸುಮಾರು 138 ಮಿಲಿಗ್ರಾಂ ಸೇರುತ್ತದೆ. ಉಪ್ಪು ಕಡಿಮೆ ಮಾಡಿ ಎಂದು ವೈದ್ಯರು ಹೇಳಿರುವವರಿಗೆ ಇದು ಸಣ್ಣ ಮಾತಲ್ಲ. ಗಿಡಕ್ಕೂ ಒಗ್ಗದು, ದಿನಾ ಸುರಿದರೆ ಮಣ್ಣು ಬಿರುಸಾಗುತ್ತದೆ. ಗಡಸು ನೀರು ಕುಡಿದರೆ ಕಿಡ್ನಿಯಲ್ಲಿ ಕಲ್ಲಾಗುತ್ತದೆಂಬ ಭಯ ಬಹಳ ಜನರಿಗಿದೆ. ಅದು ಸಾಬೀತಾದ ಮಾತಲ್ಲ. ನೀರನ್ನೇ ಕಡಿಮೆ ಕುಡಿಯುವುದು ಅದಕ್ಕಿಂತ ದೊಡ್ಡ ಕಾರಣ.

ಮೆದು ನೀರು ನಿಜವಾಗಿ ಗೆಲ್ಲುವುದು ಬಚ್ಚಲಲ್ಲಿ. ಗಡಸು ನೀರಲ್ಲಿ ಸೋಪು ಮೊದಲು ಕ್ಯಾಲ್ಸಿಯಂ ಜೊತೆ ಸೇರಿ ಕೆನೆಗಟ್ಟುತ್ತದೆ, ನೊರೆ ಆಮೇಲೆ. ಬಕೆಟ್ಟಿನ ಅಂಚಿಗೆ ಅಂಟುವ ಬೂದು ಪದರ ಅದೇ. ಮೆದು ನೀರಿಗೆ ಬಂದವರ ಮೊದಲ ದೂರು ಇದಕ್ಕೆ ತದ್ವಿರುದ್ಧ: ಎಷ್ಟು ತೊಳೆದರೂ ಮೈ ಜಾರುತ್ತದೆ. ಸೋಪು ಅರ್ಧಕ್ಕಿಳಿಸಿ ನೋಡಿ ಅನ್ನುತ್ತೇನೆ.

ಇನ್ನು ಖರ್ಚು. ರೆಸಿನ್‌ನಲ್ಲಿ ಕ್ಯಾಲ್ಸಿಯಂ ತುಂಬಿದಾಗ ಅದನ್ನು ಉಪ್ಪುನೀರಲ್ಲಿ ತೊಳೆಯಬೇಕು, ಆ ನೀರು ಚರಂಡಿಗೆ. ಮನೆಯ ಪ್ರತಿ ಹನಿಯನ್ನೂ ಮೆದು ಮಾಡಿದರೆ ಶೌಚಾಲಯಕ್ಕೆ ಸುರಿಯುವ ನೀರಿಗೂ ಉಪ್ಪು ಸುರಿದಂತೆ. ಹಳೆಯ ಸೀಸದ ಪೈಪಿದ್ದರೆ ಇನ್ನೂ ಎಚ್ಚರ ಬೇಕು, ಮೆದು ನೀರು ಸೀಸವನ್ನು ಹೆಚ್ಚು ಕರಗಿಸಬಲ್ಲದು.

ಕೊನೆಗೆ ಆ ಮನೆಯಲ್ಲಿ ಗೀಸರ್ ಮತ್ತು ವಾಷಿಂಗ್ ಮೆಶಿನ್ ಲೈನಿಗೆ ಮಾತ್ರ ಚಿಕ್ಕ ಸಾಫ್ಟ್‌ನರ್ ಕೂರಿಸಿದೆವು. ಕುಡಿಯುವ ನಲ್ಲಿ, ತೋಟದ ನಲ್ಲಿ ಮೊದಲಿನಂತೆಯೇ ಬಿಟ್ಟೆವು. ಕೆಟಲ್ಲಿನ ತಳದಲ್ಲಿ ಬಿಳಿ ಕಟ್ಟುವುದು ನಿಲ್ಲುವುದಿಲ್ಲ ಎಂದು ಮೊದಲೇ ಹೇಳಿದ್ದೆ. ವಿನೆಗರ್ ಬಾಟಲಿ ಅಲ್ಲೇ ಇತ್ತು.