ಕಾದ ಅನಿಲದಲ್ಲೇ ವಿಷವನ್ನು ಹಿಡಿಯುವ ಹಾದಿ

ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ತಲಾ 800 ಮೆಗಾವ್ಯಾಟ್‌ನ ಮೂರು ಉಷ್ಣ ವಿದ್ಯುತ್ ಘಟಕಗಳಿವೆ. 2014ರಲ್ಲಿ ಸುತ್ತಲಿನ ರೈತರು ಸ್ಥಾವರದ ವಿರುದ್ಧ ಬೀದಿಗಿಳಿದಿದ್ದರು. ಹಾರುಬೂದಿ ಜೋಳದ ಎಲೆಯ ಮೇಲೆ ಕೂತರೆ ಕಣ್ಣಿಗೆ ಕಾಣುತ್ತದೆ. ಚಿಮಣಿಯಿಂದ ಹೊರಡುವ ಪಾದರಸದ ಆವಿ ಕಾಣುವುದಿಲ್ಲ. ಒಂದು ಟನ್ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ಒಂದು ಗ್ರಾಂ ಪಾದರಸವೂ ಇರುವುದಿಲ್ಲ, ನಿಜ. ಆದರೆ ಸ್ಥಾವರವೊಂದು ದಿನಕ್ಕೆ ಸುಡುವುದು ಸಾವಿರಾರು ಟನ್.

ಉರಿಸಿದ ಮೇಲೆ ಈ ವಿಷವನ್ನು ಹುಡುಕುವುದು ಕಷ್ಟ, ಏಕೆಂದರೆ ಅದು ಅಪಾರ ಹೊಗೆಯಲ್ಲಿ ಹರಡಿಹೋಗಿರುತ್ತದೆ. ಕಲ್ಲಿದ್ದಲನ್ನು ಉರಿಸದೆ, ಮಿತ ಆಮ್ಲಜನಕ ಮತ್ತು ಹಬೆಯಲ್ಲಿ ಅನಿಲವಾಗಿಸಿದರೆ ಲೆಕ್ಕವೇ ಬೇರೆ. ಒತ್ತಡದಲ್ಲಿರುವ ಆ ಇಂಧನ ಅನಿಲದ ಗಾತ್ರ ಕಡಿಮೆ, ವಿಷ ಅಲ್ಲಿ ಒತ್ತೊತ್ತಾಗಿ ಸಿಗುತ್ತದೆ. ಅಮೆರಿಕದ ಟೆನೆಸಿಯಲ್ಲಿರುವ ಈಸ್ಟ್‌ಮನ್ ರಾಸಾಯನಿಕ ಕಾರ್ಖಾನೆ 1983ರಿಂದಲೇ ಗಂಧಕ ಬೆರೆಸಿದ ಇದ್ದಿಲಿನ ಹಾಸಿನ ಮೂಲಕ ಇಂಥ ಅನಿಲವನ್ನು ಹಾಯಿಸಿ, ಪಾದರಸದ ಶೇ 90ಕ್ಕೂ ಹೆಚ್ಚಿನ ಭಾಗವನ್ನು ತೆಗೆಯುತ್ತ ಬಂದಿದೆ.

ತೊಡಕಿದ್ದದ್ದು ಶಾಖದಲ್ಲಿ. ಅಲ್ಲಿ ಇದ್ದಿಲು ಕೆಲಸ ಮಾಡುವುದು ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬಿಸಿ ಏರಿದರೆ ಹಿಡಿದ ಪಾದರಸವನ್ನು ಬಿಟ್ಟುಬಿಡುತ್ತದೆ. ವಿದ್ಯುತ್ ತಯಾರಿಸಲು ಬೇಕಾದ ಬಿಸಿ ಅನಿಲವನ್ನು ಅಷ್ಟು ತಣಿಸುವುದೆಂದರೆ, ರೊಟ್ಟಿಗೆ ಕಾದ ಹಂಚಿಗೆ ನೀರು ಸುರಿದು ಮತ್ತೆ ಒಲೆಗೇರಿಸಿದಂತೆ.

ಅದಕ್ಕೆ ಉತ್ತರ ಸಿಕ್ಕಿದ್ದು ಅಕ್ಕಸಾಲಿಗರು ಹಿಂದಿನಿಂದ ಬಲ್ಲ ಒಂದು ಗುಣದಲ್ಲಿ. ಪಾದರಸ ಚಿನ್ನವನ್ನು ಕಂಡರೆ ಬಿಡದೆ ಬೆರೆಯುತ್ತದೆ. ಪ್ಲಾಟಿನಂ ಬಳಗದ ಪಲ್ಲಾಡಿಯಂ ಕೂಡ ಪಾದರಸದೊಂದಿಗೆ ಹಾಗೆಯೇ ಬೆಸೆದುಕೊಳ್ಳುತ್ತದೆ, ಅದೂ ಸುಮಾರು 260 ಡಿಗ್ರಿಯ ಬಿಸಿಯಲ್ಲಿ. ಅಮೆರಿಕದ ರಾಷ್ಟ್ರೀಯ ಇಂಧನ ತಂತ್ರಜ್ಞಾನ ಪ್ರಯೋಗಾಲಯ ಮತ್ತು ಜಾನ್ಸನ್ ಮ್ಯಾಥೀ ಕಂಪನಿ ಸೇರಿ ರೂಪಿಸಿದ ಪಲ್ಲಾಡಿಯಂ ಹೀರುಕಗಳನ್ನು ಅಲಬಾಮಾದ ವಿಲ್ಸನ್‌ವಿಲ್‌ನಲ್ಲಿ ನಿಜವಾದ ಕಲ್ಲಿದ್ದಲು ಅನಿಲಕ್ಕೊಡ್ಡಿ ಪರೀಕ್ಷಿಸಲಾಯಿತು. ಪಾದರಸವಷ್ಟೇ ಅಲ್ಲ, ಆರ್ಸೆನಿಕ್ ಮತ್ತು ಸೆಲೆನಿಯಂ ಕೂಡ ಅವುಗಳಿಗೆ ಸಿಕ್ಕಿಬಿದ್ದವು. ಲೋಹ ದುಬಾರಿ ಎಂಬುದು ದೊಡ್ಡ ಅಡ್ಡಿಯೇ. ಆದರೂ ಶಾಖವನ್ನು ಬಲಿಕೊಡದೆ ವಿಷ ತೆಗೆಯಬಹುದೆಂದು ತೋರಿಸಿದ ಈ ಕೆಲಸ ನನ್ನ ದೃಷ್ಟಿಯಲ್ಲಿ ಬಹಳ ಬೆಲೆಯುಳ್ಳದ್ದು.

ಭಾರತವೂ ಅನಿಲೀಕರಣದ ಕಡೆಗೆ ಹೊರಟಿದೆ: 2030ರ ವೇಳೆಗೆ 10 ಕೋಟಿ ಟನ್ ಕಲ್ಲಿದ್ದಲನ್ನು ಅನಿಲವಾಗಿಸುವ ಗುರಿ, 2024ರಲ್ಲಿ ಕೇಂದ್ರ ಸಂಪುಟ ಒಪ್ಪಿದ 8,500 ಕೋಟಿ ರೂಪಾಯಿ ನೆರವು. ಹೊಸ ಸ್ಥಾವರಗಳ ನಕ್ಷೆಯಲ್ಲಿ ಪಾದರಸ ಹಿಡಿಯುವ ಹೀರುಕದ ಹಾಸಿಗೂ ಮೊದಲೇ ಜಾಗ ಬೇಕು. ದೇಶದಲ್ಲಿ ಉಷ್ಣ ಸ್ಥಾವರಗಳ ಪಾದರಸಕ್ಕೆ ಮಿತಿ ಗೊತ್ತುಪಡಿಸಿದ್ದು 2015ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಕೂಡಗಿಯ ಕಾಮಗಾರಿ ಭರದಿಂದ ಸಾಗಿತ್ತು.