ಪಾತ್ರಪೋಷಣೆ ಎಂದರೇನು?

ಪುಸ್ತಕದ ವಿಮರ್ಶೆಯಲ್ಲಿ, ನಾಟಕ ನೋಡಿ ಹೊರಬಂದವರ ಹರಟೆಯಲ್ಲಿ, ಕಥಾ ಕಮ್ಮಟಗಳಲ್ಲಿ ಈ ಪದ ಮೇಲಿಂದ ಮೇಲೆ ಕಿವಿಗೆ ಬೀಳುತ್ತದೆ. ‘ಕತೆ ಚೆನ್ನಾಗಿದೆ, ಆದರೆ ಪಾತ್ರಪೋಷಣೆ ಸಾಲದು’ ಅಂತ ಯಾರೋ ಅನ್ನುತ್ತಾರೆ. ಹೊಸದಾಗಿ ಬರೆಯುವವರು ಇದನ್ನು ಕೇಳಿ ಮನೆಗೆ ಹೋಗಿ ಮೊದಲು ಮಾಡುವ ಕೆಲಸ ವರ್ಣನೆ ಸೇರಿಸುವುದು. ಎತ್ತರ ಎಷ್ಟು, ಮೂಗು ಹೇಗಿತ್ತು, ಓದಿದ್ದೇನು, ಸಣ್ಣವರಿದ್ದಾಗ ಪಟ್ಟ ಕಷ್ಟ ಯಾವುದು. ಕತೆ ಎರಡು ಪುಟ ಉದ್ದವಾಗುತ್ತದೆ. ಪಾತ್ರ ಮಾತ್ರ ಇದ್ದಲ್ಲೇ ಇರುತ್ತದೆ.

ಪಾತ್ರಪೋಷಣೆ ಅಂದರೆ ಕತೆಯೊಳಗಿನ ವ್ಯಕ್ತಿಯನ್ನು ಓದುಗರು ತಾವೇ ಕಂಡು ಅರಿತುಕೊಳ್ಳುವ ಹಾಗೆ ಹಂತ ಹಂತವಾಗಿ ಬೆಳೆಸುವುದು. ಅದಕ್ಕೆ ಬರೆಯುವವರ ಕೈಯಲ್ಲಿ ಮುಖ್ಯವಾಗಿ ನಾಲ್ಕು ದಾರಿಗಳಿವೆ. ಆ ವ್ಯಕ್ತಿ ಮಾಡುವ ಕೆಲಸ, ಆಡುವ ಮಾತು, ಬೇರೆಯವರು ಅವರ ಬಗ್ಗೆ ಆಡುವ ಮಾತು, ಮತ್ತೆ ಕತೆ ಹೇಳುವವರು ನೇರವಾಗಿ ಹೇಳಿಬಿಡುವುದು. ಕೊನೆಯದು ಎಲ್ಲಕ್ಕಿಂತ ಸುಲಭ, ಅದರ ಬಲವೂ ಅಷ್ಟೇ ಕಡಿಮೆ. ‘ಆತ ಜಿಪುಣ’ ಅಂತ ಬರೆದರೆ ಓದುಗರು ಹೂಂ ಅಂದು ಮುಂದಿನ ಸಾಲಿಗೆ ಹೋಗುತ್ತಾರೆ. ಗೆಳೆಯರೆಲ್ಲ ಗಿರ್ಮಿಟ್ ತಿಂದು ಕೈ ತೊಳೆಯುವ ಹೊತ್ತಿಗೆ ಸರಿಯಾಗಿ ಆತನಿಗೆ ಫೋನ್ ಬಂದು ಅಂಗಡಿಯ ಹೊರಗೆ ಹೋದ ಅಂತ ಬರೆಯಿರಿ. ಎರಡನೇ ಸಲವೂ ಹಾಗೇ ಆಗಲಿ. ಈಗ ಓದುಗರು ತಾವೇ ಅವನನ್ನು ಹಿಡಿದಿರುತ್ತಾರೆ. ತಾವೇ ಹಿಡಿದದ್ದನ್ನು ಅಷ್ಟು ಬೇಗ ಮರೆಯುವುದಿಲ್ಲ.

ಈ ಪದದ ಬಗ್ಗೆ ನನಗೆ ಹೇಳಬೇಕು ಅನಿಸುವ ಮುಖ್ಯ ಮಾತು ಒಂದಿದೆ. ಪಾತ್ರ, ಜಾಗ, ಕತೆಯ ಓಟ ಈ ಮೂರನ್ನೂ ಬೇರೆ ಬೇರೆ ಪಾಠ ಮಾಡಿ ಕಲಿಸುತ್ತಾರೆ. ಬರೆಯಲು ಕೂತಾಗ ಅವು ಬೇರೆ ಬೇರೆ ಇರುವುದೇ ಇಲ್ಲ. ಒಬ್ಬ ಮನುಷ್ಯನಿಗೆ ಏನೋ ಬೇಕಾಗಿರುತ್ತದೆ. ಅವನು ನಿಂತಿರುವ ಜಾಗ ಅದನ್ನು ಸುಮ್ಮನೆ ಕೊಡುವುದಿಲ್ಲ. ಆಗ ಅವನು ಏನು ಮಾಡುತ್ತಾನೆ ಅನ್ನುವುದರಲ್ಲಿ ಪಾತ್ರವೂ ತಿಳಿಯುತ್ತದೆ, ಕತೆಯೂ ಮುಂದಕ್ಕೆ ಹೋಗುತ್ತದೆ.

ಒಂದು ಉದಾಹರಣೆ ಕಟ್ಟಿ ನೋಡೋಣ. ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಗಂಡ ಹೆಂಡತಿ ಮೆಣಸಿನಕಾಯಿ ಬೆಳೆದಿದ್ದಾರೆ. ಹೆಂಡತಿಗೆ ನೀಲವ್ವ ಅಂತ ಹೆಸರಿಡೋಣ. ಬ್ಯಾಡಗಿ ಕಾಯಿಗೆ ಹೆಸರು ಬಂದಿರುವುದು ಬಣ್ಣದಿಂದ. ಕಡುಗೆಂಪು, ಮೈಯೆಲ್ಲ ಸುಕ್ಕು, ಖಾರ ಕಡಿಮೆ. ಪೂರ್ತಿ ಒಣಗಿದ ಕಾಯಿ ಚೀಲಕ್ಕೆ ತುಂಬುವಾಗ ಮುರಿಯುತ್ತದೆ. ಸ್ವಲ್ಪ ಹಸಿ ಇದ್ದರೆ ಮುರಿಯುವುದಿಲ್ಲ, ತೂಕವೂ ಬರುತ್ತದೆ. ಹಸಿ ಜಾಸ್ತಿಯಾದರೆ ಬೂಸರು ಹಿಡಿಯುತ್ತದೆ, ರೇಟು ಬೀಳುತ್ತದೆ. ಬಿತ್ತುವಾಗ ದಲಾಲಿ ಅಂಗಡಿಯಿಂದ ಮುಂಗಡ ತಂದಿದ್ದಾರೆ ಅಂದುಕೊಳ್ಳೋಣ. ಮಾಲು ಅದೇ ಅಂಗಡಿಗೆ ಹೋಗಬೇಕು, ಬೇಗ ಹೋಗಬೇಕು.

ಇಷ್ಟೆಲ್ಲ ಜಾಗದ ಸಂಗತಿ. ಈಗ ನಸುಕಿನ ಹೊತ್ತು. ಟೆಂಪೊ ಬರುವುದಿದೆ. ನೀಲವ್ವ ಒಂದು ಚೀಲದ ಬಾಯಿ ಬಿಚ್ಚಿ ಮೊಣಕೈವರೆಗೆ ಕೈ ಇಳಿಸುತ್ತಾಳೆ.

‘ಎಷ್ಟ ನೀರ ಹೊಡದೀರಿ ಇದಕ್ಕ?’

‘ಒಂಚೂರು. ಕಾಯಿ ಮುರೀಬಾರದಂತ.’

‘ಒಂಚೂರಂತ! ತಳದಾಗಿನ ಕಾಯಿ ಮೆತ್ತಗಾಗ್ಯಾವ.’

‘ಎಲ್ಲಾರೂ ಹೊಡೀತಾರ ತಗೀ.’

ಇಲ್ಲಿ ನಿಲ್ಲಿಸಿ. ಮುಂದೆ ನೀಲವ್ವ ಏನು ಮಾಡುತ್ತಾಳೆ? ಅವಳು ಏನೂ ಮಾತಾಡದೆ ಚೀಲದ ಬಾಯಿ ಹೊಲಿದು, ಟೆಂಪೊದಲ್ಲಿ ಅದನ್ನು ಎಲ್ಲ ಚೀಲಗಳ ಅಡಿಗೆ ಇಡಿಸಬಹುದು. ಅಥವಾ ಚೀಲವನ್ನು ಅಲ್ಲೇ ಅಂಗಳಕ್ಕೆ ಸುರಿದು ಕಾಯಿ ಹರಡಲು ಶುರು ಮಾಡಬಹುದು, ಟೆಂಪೊದವ ಹಾರ್ನ್ ಹೊಡೆಯುತ್ತಲೇ ಇರಲಿ. ಇಲ್ಲವೇ ಮಾರುಕಟ್ಟೆಯವರೆಗೆ ಸುಮ್ಮನೆ ಬಂದು, ಖರೀದಿದಾರ ಮೇಲಿನ ಕಾಯಿ ಹಿಚುಕಿ ನೋಡಿ ತಲೆಯಾಡಿಸುವಾಗ, ಗಂಡನ ಎದುರಿಗೇ ‘ಆ ಚೀಲ ತಳದಾಗ ಹಸಿ ಐತ್ರಿ’ ಅಂದುಬಿಡಬಹುದು.

ಇವರು ಮೂರು ಬೇರೆ ಬೇರೆ ಹೆಂಗಸರು. ಮೊದಲನೆಯವಳು ಸಂಸಾರದ ಲೆಕ್ಕ ಬಲ್ಲವಳು. ಅವಳ ಮೌನದಲ್ಲಿ ಅಂಜಿಕೆ ಎಷ್ಟು, ಜಾಣತನ ಎಷ್ಟು ಅನ್ನುವುದನ್ನು ಮುಂದಿನ ಪುಟಗಳು ಹೇಳಬೇಕು. ಎರಡನೆಯವಳು ಜಗಳಕ್ಕೆ ಅಂಜುವವಳಲ್ಲ. ಆದರೆ ಅವಳ ಹಟದಿಂದ ಮಾಲು ಇವತ್ತು ಹೋಗಲಿಲ್ಲ, ಮುಂಗಡ ಕೊಟ್ಟವರು ಕಾಯುತ್ತಿದ್ದಾರೆ, ಮುಂದಿನ ಮಾರುಕಟ್ಟೆಗೆ ರೇಟು ಏನಾಗುತ್ತದೋ ಗೊತ್ತಿಲ್ಲ. ಕತೆ ತಾನೇ ಹೊರಟಿತಲ್ಲ! ಮೂರನೆಯವಳು ನನಗೆ ಹೆಚ್ಚು ಇಷ್ಟ. ಅವಳು ಮನೆಯಲ್ಲಿ ಸುಮ್ಮನಿದ್ದದ್ದು ಯಾಕೆ, ನಾಲ್ಕು ಜನರ ಎದುರಿಗೆ ಬಾಯಿ ಬಿಟ್ಟದ್ದು ಯಾಕೆ ಅಂತ ಓದುಗರ ತಲೆಯಲ್ಲಿ ಪ್ರಶ್ನೆ ಏಳುತ್ತದೆ. ಆ ಸಂಜೆ ಇಬ್ಬರೂ ಒಂದೇ ಟೆಂಪೊದಲ್ಲಿ ಊರಿಗೆ ವಾಪಸ್ ಬರಬೇಕು, ಅದನ್ನು ನೆನೆಸಿಕೊಳ್ಳಿ. ನೀಲವ್ವ ಕಪ್ಪಗಿದ್ದಳೋ ಕೆಂಪಗಿದ್ದಳೋ ನಾವಿನ್ನೂ ಬರೆದಿಲ್ಲ. ಆದರೂ ಅವಳು ಯಾರು ಅಂತ ಸಾಕಷ್ಟು ಗೊತ್ತಾಗಿದೆ.

ಇದೇ ಜಗಳವನ್ನು ಎತ್ತಿ ಹುಬ್ಬಳ್ಳಿಯ ಒಂದು ಬಟ್ಟೆ ಅಂಗಡಿಯಲ್ಲಿ ಇಟ್ಟರೆ ನಡೆಯುತ್ತದೆಯೇ? ನಡೆಯುವುದಿಲ್ಲ. ಅಲ್ಲಿ ಬೇರೆ ಜಗಳ ಬೇಕು. ಜಾಗ ಕತೆಯೊಳಗೆ ಇಳಿದಿದೆಯೋ, ಸುಮ್ನೆ ಪರದೆಯ ಹಾಗೆ ಹಿಂದೆ ತೂಗುತ್ತಿದೆಯೋ ನೋಡಲು ಇದೊಂದು ಒಳ್ಳೆ ಪರೀಕ್ಷೆ. ಊರಿನ ಹೆಸರು ಬದಲಿಸಿದ ಮೇಲೂ ಒಂದು ವಾಕ್ಯ ತಿದ್ದುವ ಅಗತ್ಯ ಬೀಳದಿದ್ದರೆ, ಆ ಕತೆಗೆ ಇನ್ನೂ ಊರು ಸಿಕ್ಕಿಲ್ಲ.

ಪಾತ್ರಪೋಷಣೆ ಎಂಬ ವಿದ್ಯೆ ಹೊಸದಲ್ಲ. ಗದುಗಿನ ವೀರನಾರಾಯಣನ ಅಂಕಿತದಲ್ಲಿ ಭಾರತ ಬರೆದ ಕುಮಾರವ್ಯಾಸ ಇದರಲ್ಲಿ ಎಂಥ ಗಟ್ಟಿಗ ಅನ್ನುವುದಕ್ಕೆ ಉತ್ತರಕುಮಾರ ಒಬ್ಬನೇ ಸಾಕು. ಕೌರವರು ದನ ಹಿಡಿದರು ಅಂತ ಸುದ್ದಿ ಬಂದಾಗ ಅವನು ಇರುವುದು ಹೆಂಗಸರ ನಡುವೆ. ಅಲ್ಲಿ ಅವನ ಬಾಯಿಗೆ ಬೀಗವಿಲ್ಲ. ಭೀಷ್ಮ ಯಾರು, ದ್ರೋಣ ಯಾರು ಅಂತ ಅಬ್ಬರಿಸುತ್ತಾನೆ. ಸಾರಥಿ ಇಲ್ಲ ಅನ್ನುವುದೊಂದೇ ಕೊರತೆ. ಆಮೇಲೆ ಬೃಹನ್ನಳೆ ಸಾರಥಿಯಾಗಿ ರಥ ಬಯಲಿಗೆ ಬರುತ್ತದೆ, ಎದುರಿಗೆ ಸೇನೆ ಕಾಣುತ್ತದೆ. ಅದೇ ಬಾಯಿ ಈಗ ರಥ ತಿರುಗಿಸು ಅಂತ ಅಂಗಲಾಚುತ್ತದೆ. ಕೊನೆಗೆ ರಥದಿಂದ ಧುಮುಕಿ ಓಡುತ್ತಾನೆ. ಬೃಹನ್ನಳೆಯ ವೇಷದ ಅರ್ಜುನ ಬೆನ್ನಟ್ಟಿ ಹಿಡಿದು ತರಬೇಕಾಗುತ್ತದೆ.

ಕವಿ ಇಲ್ಲಿ ಮಾಡಿದ್ದನ್ನು ಗಮನಿಸಿ. ಒಬ್ಬನೇ ಹುಡುಗ, ಎರಡು ಜಾಗ. ಅಂತಃಪುರ ಅವನ ಒಂದು ಮುಖ ತೆಗೆಯುತ್ತದೆ, ರಣರಂಗ ಇನ್ನೊಂದು ತೆಗೆಯುತ್ತದೆ. ಗಮಕಿಗಳು ಈ ಭಾಗ ಓದುವಾಗ ಕೇಳುವವರು ಇವತ್ತಿಗೂ ನಗುವುದು ಆ ಎರಡು ಮುಖಗಳ ನಡುವಿನ ಅಂತರಕ್ಕೆ. ಅಷ್ಟಕ್ಕೆ ಬಿಟ್ಟಿದ್ದರೆ ಉತ್ತರಕುಮಾರ ಬರೀ ನಗೆಪಾಟಲಿನ ಪಾತ್ರ ಆಗುತ್ತಿದ್ದ. ಆದರೆ ಓಡಿದ ಹುಡುಗನೇ ಸ್ವಲ್ಪ ಹೊತ್ತಿನಲ್ಲಿ ಅರ್ಜುನನ ಸಾರಥಿಯಾಗಿ ಅದೇ ಸೇನೆಯ ಎದುರಿಗೆ ರಥ ನಡೆಸುತ್ತಾನೆ. ಅಂಜಿಕೆ ಹೊತ್ತುಕೊಂಡೇ ವಾಪಸ್ ಹೋದವನು ಅವನು. ಪೋಷಣೆ ಎಂದರೆ ಇದೂ ಹೌದು. ಪಾತ್ರ ಶುರುವಿನಲ್ಲಿದ್ದ ಕಡೆ ಕೊನೆಯಲ್ಲಿ ಇರುವುದಿಲ್ಲ, ಆ ದೂರವನ್ನು ಅದು ನಮ್ಮ ಕಣ್ಣೆದುರೇ ನಡೆದಿರುತ್ತದೆ.

ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್ಸ್ಟರ್ 1927ರಲ್ಲಿ ಕೇಂಬ್ರಿಜ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಚಪ್ಪಟೆ ಪಾತ್ರ, ದುಂಡು ಪಾತ್ರ ಅಂತ ಎರಡು ಬಗೆ ಮಾಡಿದ. ಒಂದೇ ಗುಣದ ಮೇಲೆ ನಿಂತದ್ದು ಚಪ್ಪಟೆ. ನಂಬುವಂತೆ ಅಚ್ಚರಿಪಡಿಸಬಲ್ಲದ್ದು ದುಂಡು. ‘ನಂಬುವಂತೆ’ ಅನ್ನುವುದು ಇಲ್ಲಿ ಮುಖ್ಯ. ಜಿಪುಣ ಕೊನೆಯ ಪುಟದಲ್ಲಿ ಏಕಾಏಕಿ ಆಸ್ತಿಯೆಲ್ಲ ದಾನ ಮಾಡಿದರೆ ಅಚ್ಚರಿಯೇನೋ ಆಗುತ್ತದೆ, ನಂಬಿಕೆ ಹೋಗುತ್ತದೆ. ಹಾಗಂತ ಚಪ್ಪಟೆ ಪಾತ್ರ ಕೀಳು ಅಂತ ತಿಳಿಯಬಾರದು. ದಲಾಲಿ ಅಂಗಡಿಯ ಗುಮಾಸ್ತ ಎರಡು ಸಲ ಬಂದು ಹೋಗುವವನು. ಅವನಿಗೂ ಒಂದು ದುರಂತ ಬಾಲ್ಯ ಕೊಟ್ಟರೆ ಕತೆ ಭಾರವಾಗುತ್ತದೆ.

ಇನ್ನು ಜಾಗದ ಮಾತು. ಜಾಗವನ್ನು ಬರೆಯುವಾಗ ಎಲ್ಲವನ್ನೂ ತುಂಬುವ ಚಪಲ ಬಹಳ ಜನರಿಗೆ ಇರುತ್ತದೆ. ಧಾರವಾಡ ಅಂದ ಕೂಡಲೇ ಪೇಡೆ, ಮಳೆ, ಸಾಧನಕೇರಿ. ಹುಬ್ಬಳ್ಳಿ ಅಂದ ಕೂಡಲೇ ಮಿರ್ಚಿ, ಸಿದ್ಧಾರೂಢ ಮಠ. ಅವೆಲ್ಲ ನಿಜವೇ, ಆದರೆ ಪ್ರವಾಸಿಯೂ ಅವನ್ನು ಬರೆದಾನು. ಅಲ್ಲಿ ಬದುಕುವವರಿಗೆ ಕಾಣುವುದು ಬೇರೆ. ನವಲಗುಂದ, ರೋಣದ ಕಡೆಯ ಎರಿ ಮಣ್ಣು, ಅಂದರೆ ಕಪ್ಪು ಮಣ್ಣು, ಮಳೆಗೆ ಎಂಥ ಜಿಗುಟು ಅಂದರೆ ಚಪ್ಪಲಿಯನ್ನು ಹಿಡಿದುಕೊಂಡುಬಿಡುತ್ತದೆ. ಊರಿನವರು ಹೊಲದ ದಾರಿಗೆ ಇಳಿಯುವ ಮುಂಚೆ ಚಪ್ಪಲಿ ಕೈಗೆ ತೆಗೆದುಕೊಳ್ಳುತ್ತಾರೆ. ನಿಮ್ಮ ಕತೆಯಲ್ಲಿ ಒಬ್ಬ ಅಳಿಯ ಬೂಟು ಹಾಕಿಕೊಂಡೇ ಇಳಿದ ಅನ್ನಿ. ಮಾವ ನೋಡಿಯೂ ಸುಮ್ಮನಿದ್ದ ಅನ್ನಿ. ಒಂದೇ ಸಾಲಿನಲ್ಲಿ ನೆಲ, ಅಳಿಯ, ಮಾವ ಮೂರೂ ಬಂದವು.

ಇನ್ನೂ ಗಟ್ಟಿ ಉದಾಹರಣೆ ಹಗೇವು. ಈ ಬಯಲುಸೀಮೆಯಲ್ಲಿ ಜೋಳವನ್ನು ನೆಲದೊಳಗೆ ಆಳವಾಗಿ ತೋಡಿದ ಹಗೇವಿನಲ್ಲಿ ತುಂಬಿಟ್ಟು, ಬಾಯಿ ಮುಚ್ಚಿ ಮಣ್ಣು ಎಳೆಯುತ್ತಿದ್ದರು. ತಿಂಗಳುಗಟ್ಟಲೆ ಮುಚ್ಚಿದ ಹಗೇವಿನಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ. ಬಾಯಿ ತೆಗೆದ ಕೂಡಲೇ ಯಾರೂ ಇಳಿಯಬಾರದು. ಕೆಟ್ಟ ಗಾಳಿ ಹೊರಗೆ ಹೋಗಲು ಬಿಟ್ಟು ಆಮೇಲೆ ಇಳಿಯಬೇಕು. ಅವಸರ ಮಾಡಿದವರು ಒಳಗೇ ಜೀವ ಬಿಟ್ಟದ್ದುಂಟು. ಕತೆಗಾರರಿಗೆ ಇದು ಎಷ್ಟು ದೊಡ್ಡ ಗಂಟು ನೋಡಿ! ಬರಗಾಲ, ಮನೆಯಲ್ಲಿ ಕಾಳಿಲ್ಲ, ಹಗೇವು ತೆಗೆದಿದ್ದಾರೆ. ಕಾಯಬೇಕು ಅನ್ನುವವರು ಯಾರು? ಅವಸರ ಯಾರಿಗೆ, ಯಾಕೆ? ಆಳುಮಗನನ್ನು ‘ಇಳಿಯಪಾ, ಏನಾಗೂದಿಲ್ಲ’ ಅಂತ ಇಳಿಸುವವರು ಯಾರು? ಜಾಗವೇ ಪ್ರಶ್ನೆ ಕೇಳುತ್ತಿದೆ. ಒಬ್ಬೊಬ್ಬರು ಕೊಡುವ ಉತ್ತರದಲ್ಲಿ ಒಂದೊಂದು ಪಾತ್ರವಿದೆ.

ಹಾಗಾದರೆ ಕತೆಯ ಓಟ, ಅಂದರೆ ಕಥಾಸಂವಿಧಾನ, ಪಾತ್ರಕ್ಕಿಂತ ದೊಡ್ಡದೋ ಚಿಕ್ಕದೋ? ಗ್ರೀಕರ ಅರಿಸ್ಟಾಟಲ್ ದುರಂತ ನಾಟಕದ ಬಗ್ಗೆ ಹೇಳುವಾಗ ಕಥಾಸಂವಿಧಾನಕ್ಕೆ ಮೊದಲ ಸ್ಥಾನ ಕೊಟ್ಟ, ಪಾತ್ರಕ್ಕೆ ಎರಡನೆಯದು. ನಮ್ಮ ಭರತನ ನಾಟ್ಯಶಾಸ್ತ್ರ ಕತೆಯ ನಡೆಯನ್ನು ಐದು ಅವಸ್ಥೆಗಳಾಗಿ ಹೇಳುತ್ತದೆ: ಆರಂಭ, ಪ್ರಯತ್ನ, ಪ್ರಾಪ್ತಿಯ ಆಸೆ, ಪ್ರಾಪ್ತಿಯ ಖಾತ್ರಿ, ಫಲ ಸಿಗುವುದು. ಈ ಐದನ್ನೂ ಇನ್ನೊಮ್ಮೆ ಓದಿ. ಎಲ್ಲವೂ ಒಬ್ಬ ವ್ಯಕ್ತಿಯ ಬಯಕೆಯನ್ನು ಹಿಡಿದೇ ಹೇಳಿದವು. ಯಾರಿಗೋ ಏನೋ ಬೇಕು, ಅದಕ್ಕಾಗಿ ಹೆಣಗುತ್ತಾರೆ, ಸಿಕ್ಕೀತು ಅನಿಸುತ್ತದೆ. ಬಯಸುವವರನ್ನು ತೆಗೆದುಬಿಟ್ಟರೆ ಅವಸ್ಥೆಗಳೇ ಉಳಿಯುವುದಿಲ್ಲ. ಅರಿಸ್ಟಾಟಲ್‌ನ ಮಾತು ನಾಟಕಕ್ಕೆ ಸರಿಯಿದ್ದೀತು. ಸಣ್ಣಕತೆ ಬರೆಯುವವರು ಭರತನ ಕಡೆ ವಾಲುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಮೊದಲು ಘಟನೆಗಳ ಸರಪಳಿ ಮಾಡಿಕೊಂಡು ಆಮೇಲೆ ಅದಕ್ಕೆ ಜನರನ್ನು ಹುಡುಕಿದರೆ, ಅವರು ಕತೆಗಾರರು ಹೇಳಿದ ಕಡೆ ಹೋಗುತ್ತಾರೆ, ಹೇಳಿದಾಗ ಅಳುತ್ತಾರೆ. ಓದುಗರಿಗೆ ಅದು ಗೊತ್ತಾಗಿಬಿಡುತ್ತದೆ.

ಮಾತಿನ ಬಗ್ಗೆ ಒಂದೆರಡು ಸಂಗತಿ. ಸಂಭಾಷಣೆಯನ್ನು ಧಾರವಾಡ ಕನ್ನಡದಲ್ಲಿ ಬರೆದ ಮಾತ್ರಕ್ಕೆ ಪಾತ್ರಗಳಿಗೆ ಜೀವ ಬರುವುದಿಲ್ಲ. ಎಲ್ಲರೂ ಒಂದೇ ನಮೂನೆ ‘ಹೋಗೂಣು, ಬರೂಣು’ ಅಂದರೆ ಯಾರು ಯಾರು ಅಂತಲೇ ತಿಳಿಯದು. ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗಳ ಮಾತು, ಅವಳ ಅಜ್ಜಿಯ ಮಾತು, ಹಳೇ ಹುಬ್ಬಳ್ಳಿಯಲ್ಲಿ ಉರ್ದು ಬೆರೆಸಿ ಆಡುವ ಮೆಕ್ಯಾನಿಕ್‌ನ ಮಾತು ಬೇರೆ ಬೇರೆ. ಹಾಗೆಯೇ ಮಾತು ಬದಲಾಗುವ ಗಳಿಗೆಯನ್ನು ಕಾಯಬೇಕು. ಸಾಲ ಕೊಟ್ಟ ಸಾಹುಕಾರನಿಗೆ ವರ್ಷಗಟ್ಟಲೆ ‘ಬರ್ರಿ, ಕುಂದರ್ರಿ’ ಅಂದ ರೈತ ಒಂದು ದಿನ ‘ಬಾ, ಕುಂದರು’ ಅಂದರೆ, ಅವನ ಸಿಟ್ಟಿನ ಬಗ್ಗೆ ಬೇರೆ ಒಂದು ಸಾಲೂ ಬೇಡ.

ಪೂರ್ವಕತೆಯ ವಿಷಯದಲ್ಲಿ ಕೈ ಬಿಗಿ ಹಿಡಿಯಿರಿ. ಹಿಂದೆ ಆದದ್ದೆಲ್ಲ ಬರೆಯುವವರಿಗೆ ಗೊತ್ತಿರಲಿ, ಓದುಗರಿಗೆ ಬೇಕಾದಾಗ ಬೇಕಾದಷ್ಟೇ ಸಿಗಲಿ. ನೀಲವ್ವನ ತವರಿನಲ್ಲಿ ಒಮ್ಮೆ ಇಂಥದ್ದೇ ಒಂದು ಮೋಸವನ್ನು ಅಪ್ಪ ನಾಲ್ಕು ಜನರ ಎದುರಿಗೆ ತಾನೇ ಒಪ್ಪಿಕೊಂಡು ತಲೆ ತಗ್ಗಿಸಿದ್ದ ಅಂತ ನೀವು ಯೋಚಿಸಿದ್ದರೆ, ಅದನ್ನು ಮೊದಲ ಪ್ಯಾರಾದಲ್ಲಿ ಇಡಬೇಡಿ. ಅವಳು ಎಲ್ಲರೆದುರು ಬಾಯಿ ಬಿಟ್ಟ ಮೇಲೆ, ವಾಪಸ್ ಬರುವ ದಾರಿಯಲ್ಲಿ, ಗಂಡ ‘ನಿಮ್ಮಪ್ಪನ ಬುದ್ಧಿ ಬಂತ’ ಅಂದರೆ ಸಾಕು.

ಎಷ್ಟು ಪಾತ್ರಗಳಿಗೆ ಪೋಷಣೆ ಬೇಕು ಅನ್ನುವುದು ಬರಹದ ಅಳತೆ ನೋಡಿ ಮಾಡುವ ಲೆಕ್ಕ. ಸಣ್ಣಕತೆಯಲ್ಲಿ ಒಬ್ಬರು ಅಥವಾ ಇಬ್ಬರು ಪೂರ್ತಿ ಬೆಳೆದರೆ ಹೆಚ್ಚು. ಕಾದಂಬರಿಯಲ್ಲಿ ನಾಲ್ಕೈದು ಜನರಿಗೆ ಜಾಗ ಸಿಗುತ್ತದೆ, ಅವರೂ ಒಟ್ಟಿಗೆ ಬೆಳೆಯುವುದಿಲ್ಲ. ಒಬ್ಬರು ಮುಂದೆ ಬಂದಾಗ ಇನ್ನೊಬ್ಬರು ಹಿಂದೆ ಸರಿಯುತ್ತಾರೆ. ಉಳಿದವರಿಗೆ ತಲಾ ಒಂದು ನಿಖರವಾದ ಗುರುತು ಕೊಟ್ಟರೆ ಆಯಿತು. ದಲಾಲಿ ಅಂಗಡಿಯ ಗುಮಾಸ್ತ ಲೆಕ್ಕದ ಪುಸ್ತಕ ತಿರುವುವಾಗ ಪ್ರತಿ ಪುಟಕ್ಕೂ ಬೆರಳು ಎಂಜಲು ಮಾಡಿಕೊಳ್ಳುತ್ತಾನೆ, ಅಷ್ಟೇ.